ಸ್ಟೇಜ್ ಪಿಯಾನೋ ತಗೊಳ್ಳಲಾ, ಸಿಂಥ್ ತಗೊಳ್ಳಲಾ?

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ. ಎಲ್ಲಿ ಕಾರ್ಯಕ್ರಮ ಮುಗಿಸಿ ಸಾಮಾನು ಕಟ್ಟುತ್ತಿದ್ದರೂ ಹುಡುಗರು ಯಾರಾದರೂ ಬಂದು ಕೇಳುವುದು ಇದೊಂದೇ. "ಅಣ್ಣಾ, ಹೊಸ ಕೀಬೋರ್ಡ್ ತಗೊಳ್ಬೇಕು ಅಂತಿದ್ದೇನೆ. ಸ್ಟೇಜ್ ಪಿಯಾನೋ ಒಳ್ಳೆದಾ, ಸಿಂಥ್ ಒಳ್ಳೆದಾ?" ಜನರೇಟರಿನ ಸದ್ದಿನಲ್ಲಿ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವಂಥದ್ದಲ್ಲ ಇದು. ಹಾಗಾಗಿ ಕೂತು ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಸರಗೋಡಿನ ಕಡೆ ಗಾನಮೇಳ, ರಸಮಂಜರಿ, ಮದುವೆಮನೆಯ ಮೆಹಂದಿ ಅಂತ ಓಡಾಡುವ ಹೆಚ್ಚಿನವರಿಗೆ ಮೊದಲ ವಾದ್ಯವಾಗಿ ಸಿಂಥೇ ಸರಿ. ಆದರೆ ನೀವು ಆ ಹೆಚ್ಚಿನವರಲ್ಲಿ ಒಬ್ಬರು ಹೌದೋ ಅಲ್ಲವೋ ಅಂತ ಅಂಗಡಿಯವರು ಹೇಳಲಾರರು. ನೀವೇ ನೋಡಿಕೊಳ್ಳಬೇಕು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಬಿಳಿ ಕಪ್ಪು ಕೀ ಇರುವ ಎಲ್ಲದಕ್ಕೂ 'ಕೀಬೋರ್ಡ್' ಅನ್ನುತ್ತಾರೆ. ಹಳಬರಿಗೆ ಎಲ್ಲವೂ 'ಕ್ಯಾಸಿಯೋ'!

ಸ್ಟೇಜ್ ಪಿಯಾನೋ ಅಂದರೆ ವೇದಿಕೆಗೆ ಹೊತ್ತುಕೊಂಡು ಹೋಗಲೆಂದೇ ಮಾಡಿದ ಡಿಜಿಟಲ್ ಪಿಯಾನೋ. ಸಾಮಾನ್ಯವಾಗಿ 88 ಕೀ, ಕೆಲವದರಲ್ಲಿ 73. ಕೀ ಒತ್ತಿದರೆ ಒಳಗೆ ಸಣ್ಣ ಸುತ್ತಿಗೆಯೊಂದು ಏಳುತ್ತದೆ. ನಿಜವಾದ ಪಿಯಾನೋದಂತೆ ಬೆರಳಿಗೆ ಭಾರ ಸಿಗಲಿ ಅಂತ ಈ ಏರ್ಪಾಡು. ಇದಕ್ಕೆ ಹ್ಯಾಮರ್ ಆ್ಯಕ್ಷನ್ ಅನ್ನುತ್ತಾರೆ. ಪಿಯಾನೋ, ಎಲೆಕ್ಟ್ರಿಕ್ ಪಿಯಾನೋ, ಆರ್ಗನ್, ಸ್ವಲ್ಪ ಸ್ಟ್ರಿಂಗ್ಸ್ (ಪಿಟೀಲಿನ ಗುಂಪಿನ ಸದ್ದು), ಇಷ್ಟು ಸದ್ದುಗಳು ಚೆನ್ನಾಗಿರುತ್ತವೆ. ಹೆಚ್ಚಿನವುಗಳಲ್ಲಿ ಸ್ಪೀಕರ್ ಇರುವುದಿಲ್ಲ. ಯಮಹಾ ಸಿಪಿ88, ರೋಲ್ಯಾಂಡ್ ಆರ್‌ಡಿ-2000 ಈ ಜಾತಿಯವು.

ಸಿಂಥಸೈಸರ್ ಅಂದರೆ ಸದ್ದನ್ನು ಹುಟ್ಟಿಸಿ, ಬೇಕಾದ ಹಾಗೆ ತಿದ್ದಲು ಬಿಡುವ ಯಂತ್ರ. ಈಗ ನಮ್ಮ ವೇದಿಕೆಗಳಲ್ಲಿ ಕಾಣುವ ಸಿಂಥ್‌ಗಳಲ್ಲಿ ಹೆಚ್ಚಿನವು ನಿಜವಾದ ವಾದ್ಯಗಳನ್ನು ರೆಕಾರ್ಡ್ ಮಾಡಿಟ್ಟ ತುಣುಕುಗಳನ್ನೇ, ಅಂದರೆ ಸ್ಯಾಂಪಲ್‌ಗಳನ್ನೇ, ನುಡಿಸುತ್ತವೆ. ಪಿಟೀಲು, ಕೊಳಲು, ಶಹನಾಯಿ, ಗಿಟಾರ್, ತಬಲಾ, ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ. ಕೀ ಹಗುರ, ಸಾಮಾನ್ಯವಾಗಿ 61. ಎಡಬದಿಯಲ್ಲಿ ಸ್ವರವನ್ನು ಎಳೆಯುವ ಪಿಚ್ ಬೆಂಡ್ ಇರುತ್ತದೆ. ಯಮಹಾ ಎಂಒಡಿಎಕ್ಸ್, ರೋಲ್ಯಾಂಡ್ ಜೂನೋ-ಡಿಎಸ್, ಭಾರತೀಯ ವಾದ್ಯಗಳ ಸದ್ದು ಹಾಕಿ ಬರುವ ರೋಲ್ಯಾಂಡ್ ಎಕ್ಸ್‌ಪಿಎಸ್-10 ಇವೆಲ್ಲ ಈ ಗುಂಪು.

ಮೂರನೆಯದು ಅರೇಂಜರ್. ಎಡಗೈಯಲ್ಲಿ ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ, ಹಿಡಿದರೆ ತಾಳ, ಬೇಸ್ ಎಲ್ಲ ತಾನಾಗಿ ಬಾರಿಸುತ್ತದೆ. ಯಮಹಾ ಪಿಎಸ್‌ಆರ್-ಐ500 ಹಾಗಿನದ್ದು. ಒಬ್ಬರೇ ಹಾಡುಗಾರರ ಜೊತೆ ಕೂರುವವರಿಗೆ ಅದು ಬೇಕು. ಡ್ರಮ್ಸ್, ಬೇಸ್ ಇರುವ ತಂಡದವರಿಗೆ ಬೇಡ. ಇಲ್ಲಿಗೆ ಅದರ ಮಾತು ಸಾಕು.

1. ಹಾಡಿನ ಪಟ್ಟಿ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ನೀವು ನುಡಿಸಿದ ಕೊನೆಯ ಐದಾರು ಕಾರ್ಯಕ್ರಮಗಳ ಹಾಡುಗಳನ್ನು ಬರೆಯಿರಿ. ಪ್ರತಿ ಹಾಡಿನ ಮುಂದೆ ನಿಮ್ಮ ಕೈಯಿಂದ ಯಾವ ವಾದ್ಯದ ಸದ್ದು ಬರಬೇಕಿತ್ತು ಅಂತ ಬರೆಯಿರಿ. ಪಿಯಾನೋ ಇದ್ದಲ್ಲಿ ಒಂದು ಅಡಿಗೆರೆ ಎಳೆಯಿರಿ. ಅಷ್ಟೇ.

ನಮ್ಮೂರಿನ ಗಾನಮೇಳದ ಪಟ್ಟಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ. ಗಣಪತಿಯ ಭಕ್ತಿಗೀತೆಯಿಂದ ಶುರು. ಆಮೇಲೆ ಹಳೇ ಕನ್ನಡ ಸಿನಿಮಾ ಹಾಡು, ಅದರ ಹಿಂದೆಯೇ ಮಲಯಾಳಂ ಮೆಲೊಡಿ, ನಡುವೆ ಒಂದು ಮಾಪಿಳ್ಳ ಪಾಟ್ಟು, ಹುಡುಗರು ಕೂಗಿದರೆ ತುಳು ಹಾಡು, ಕೊನೆಗೆ ಹಿಂದಿ ಡಾನ್ಸ್ ಹಾಡು. ಒಂದೇ ಹಾಡಿನ ಪಲ್ಲವಿ ಮತ್ತು ಚರಣದ ನಡುವೆ ಪಿಟೀಲಿನ ಗುಂಪು, ಕೊಳಲು, ಅಕಾರ್ಡಿಯನ್ ಮೂರೂ ಬೇಕಾಗುತ್ತದೆ. ಅಂಥ ಪಟ್ಟಿಯಲ್ಲಿ ಪಿಯಾನೋದ ಗೆರೆ ನಾಲ್ಕೈದಕ್ಕಿಂತ ಹೆಚ್ಚು ಬೀಳುವುದು ಕಡಿಮೆ. ಹಾಗಿದ್ದರೆ ನಿಮಗೆ ಸಿಂಥ್.

ಇಗರ್ಜಿಯ ಕೊಯರಿಗೆ ನುಡಿಸುತ್ತೀರಾ? ಗಜಲ್ ಅಥವಾ ಭಾವಗೀತೆಗೆ ಒಬ್ಬರೇ ಕೂತು ಸಾಥ್ ಕೊಡುತ್ತೀರಾ? ಬೇಕಲದ ಕಡೆಯ ಹೋಟೆಲುಗಳಲ್ಲಿ ಊಟದ ಹೊತ್ತಿಗೆ ಮೆಲ್ಲಗೆ ನುಡಿಸುವ ಕೆಲಸವಾ? ಅಲ್ಲಿ ಪುಟದ ತುಂಬ ಪಿಯಾನೋದ ಗೆರೆಗಳೇ ಇರುತ್ತವೆ. ಅವರಿಗೆ ಸ್ಟೇಜ್ ಪಿಯಾನೋ.

ಎಚ್ಚರಿಕೆ: ಮುಂದೆ ನುಡಿಸಬೇಕು ಅಂತ ಆಸೆ ಇರುವ ಹಾಡುಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ಯೂಟ್ಯೂಬಿನಲ್ಲಿ ಜಾಜ್ ನೋಡಿ 88 ಕೀ ತಗೊಂಡು, ಅದರಲ್ಲಿ ಶಹನಾಯಿ ಹುಡುಕುತ್ತಾ ಕೂತವರನ್ನು ನಾನು ಕಂಡಿದ್ದೇನೆ.

2. ಎಡಗೈ ಏನು ಮಾಡುತ್ತದೆ ನೋಡಿ

ಪೂರಾ ಪಿಯಾನೋದ 88 ಕೀಗಳಲ್ಲಿ ತೀರಾ ಕೆಳಗಿನ ಸ್ವರ 27.5 ಹರ್ಟ್ಸ್. ತಂಡದಲ್ಲಿ ಬೇಸ್ ಗಿಟಾರ್ ಇದ್ದರೆ ಆ ಕೆಳಗಿನ ಒಂದೂವರೆ ಸ್ಥಾಯಿಯನ್ನು ನೀವು ಮುಟ್ಟಲೇ ಬಾರದು. ಮುಟ್ಟಿದರೆ ಇಬ್ಬರ ಸದ್ದೂ ಸೇರಿ ಕೆಸರು ಕಲಸಿದ ಹಾಗೆ ಕೇಳುತ್ತದೆ. ಮೈಕಿನವರು ನಿಮ್ಮ ಸೌಂಡನ್ನೇ ಇಳಿಸಿಬಿಡುತ್ತಾರೆ. ಅಂದರೆ ತಂಡದಲ್ಲಿ ನುಡಿಸುವವರು 88ರಲ್ಲಿ ಐದರಲ್ಲೊಂದು ಭಾಗವನ್ನು ಸುಮ್ನೆ ಹೊತ್ತು ತಿರುಗುತ್ತಾರೆ.

ಆದರೆ 61 ಕೀ ಐದೇ ಸ್ಥಾಯಿ. ಅದನ್ನು ಎರಡು ಭಾಗ ಮಾಡಿ ಎಡಕ್ಕೆ ಸ್ಟ್ರಿಂಗ್ಸ್, ಬಲಕ್ಕೆ ಕೊಳಲು ಇಟ್ಟರೆ, ಅಂದರೆ ಸ್ಪ್ಲಿಟ್ ಮಾಡಿದರೆ, ಒಂದು ಕೈಗೆ ಎರಡು, ಇನ್ನೊಂದಕ್ಕೆ ಮೂರು ಸ್ಥಾಯಿ ಸಿಗುತ್ತದೆ. ಹಾಡಿಗೆ ಅದು ಸಾಕು. ಎರಡೂ ಕೈಯಲ್ಲಿ ಪಿಯಾನೋ ನುಡಿಸುವವರಿಗೆ ಇಕ್ಕಟ್ಟು. ಎರಡೂ ಬೇಕು ಅನ್ನುವವರಿಗೆ 73 ಕೀ ನಡುವಿನ ದಾರಿ.

3. ಬೆರಳಿನ ಪರೀಕ್ಷೆ

ಇದನ್ನು ಅಂಗಡಿಯಲ್ಲೇ ಮಾಡಬೇಕು. ಆನ್‌ಲೈನಿನಲ್ಲಿ ಚಿತ್ರ ನೋಡಿ ಆಗುವುದಿಲ್ಲ. ನಮಗೆ ಮಂಗಳೂರು ಸುಮಾರು 50 ಕಿಲೋಮೀಟರು, ರೈಲಿದೆ. ತೆಂಕಲಿನವರು ಕಣ್ಣೂರಿಗೂ ಹೋಗಬಹುದು. ನಿಮ್ಮದೇ ಹೆಡ್‌ಫೋನ್ ತಗೊಂಡು ಹೋಗಿ. ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ.

ಮೊದಲು ಪಿಯಾನೋ ಸದ್ದು ಹಾಕಿ. ಒಂದೇ ಕೀಯನ್ನು ತೀರಾ ಮೆಲ್ಲಗಿಂದ ಜೋರಿನವರೆಗೆ ಹತ್ತು ಸಲ ಒತ್ತಿ. ಹ್ಯಾಮರ್ ಆ್ಯಕ್ಷನ್‌ನಲ್ಲಿ ಸದ್ದು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹಂತ ಏರುತ್ತದೆ. ಹಗುರ ಕೀಯಲ್ಲಿ ಒಂದು ಪಿಸುಗುಟ್ಟುತ್ತದೆ, ಮುಂದಿನದ್ದು ಒಮ್ಮೆಲೇ ಕಿರುಚುತ್ತದೆ. ಕೀ ಎಷ್ಟು ಜೋರಾಗಿ ಒತ್ತಿದಿರಿ ಅಂತ ಅಳೆಯುವುದಕ್ಕೆ ವೆಲಾಸಿಟಿ ಅನ್ನುತ್ತಾರೆ. ಸೆಟಿಂಗಿನಲ್ಲಿ ಅದನ್ನು ಸ್ವಲ್ಪ ತಿದ್ದಬಹುದು, ಪೂರ್ತಿ ಅಲ್ಲ.

ಆಮೇಲೆ ಕೊಳಲು ಹಾಕಿ. ವೇಗದ ಬಿರ್ಕಾ, ಅಂದರೆ ಸ್ವರಗಳ ಓಟ, ನುಡಿಸಿ. ಈಗ ಆಟ ತಿರುಗುತ್ತದೆ. ಹ್ಯಾಮರ್ ಕೀ ಮೇಲೆದ್ದು ಬರಲು ಒಂದಿಷ್ಟು ಹೊತ್ತು ತಗೊಳ್ಳುತ್ತದೆ, ಬೆರಳು ದಣಿಯುತ್ತದೆ. ಹಗುರ ಕೀ ನೀರಿನ ಹಾಗೆ ಓಡುತ್ತದೆ.

ಮೂರನೆಯದು ಗಮಕ, ಅಂದರೆ ಸ್ವರವನ್ನು ಜಾರಿಸುವುದು, ಅಲುಗಿಸುವುದು. ನಮ್ಮ ಹಾಡಿಗೆ ಇದೇ ಮುಖ್ಯ. ಪಿಯಾನೋದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ. ಒತ್ತಿದರೆ ಒತ್ತಿದ ಜಾಗದಲ್ಲೇ. ಸಿಂಥಿನಲ್ಲಿ ಪಿಚ್ ಬೆಂಡ್ ಇದೆ. ಸಾಮಾನ್ಯವಾಗಿ ಕಂಪನಿಯಿಂದ ಬರುವಾಗ ಅದು ಎರಡು ಸೆಮಿಟೋನಿಗೆ ಹೊಂದಿಸಿರುತ್ತದೆ (ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರವೇ ಸೆಮಿಟೋನ್). ಸ ಹಿಡಿದು ಪೂರ್ತಿ ತಳ್ಳಿದರೆ ಚತುಃಶ್ರುತಿ ರಿಷಭಕ್ಕೆ ಹೋಗಿ ನಿಲ್ಲುತ್ತದೆ. ಎಡಗೈ ಹೆಬ್ಬೆರಳಲ್ಲಿ ಅದನ್ನು ಅರ್ಧ ತಳ್ಳಿ ಬಿಟ್ಟು, ತಳ್ಳಿ ಬಿಟ್ಟು ನೋಡಿ. ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತ ಕಛೇರಿ ಮಾಡುವ ಕೆ. ಸತ್ಯನಾರಾಯಣನ್ ಅವರ ಎಡಗೈಯನ್ನು ಒಮ್ಮೆ ನೋಡಿದರೆ ಆ ಸಣ್ಣ ಚಕ್ರಕ್ಕೆ ಎಷ್ಟು ಕೆಲಸ ಇದೆ ಅಂತ ತಿಳಿಯುತ್ತದೆ. ಕೆಲವು ಸ್ಟೇಜ್ ಪಿಯಾನೋಗಳಲ್ಲೂ ಪಿಚ್ ಬೆಂಡ್ ಇದೆ. ಆದರೆ ಅದರಲ್ಲಿ ಎಳೆಯುವಂಥ ಕೊಳಲು, ಪಿಟೀಲು ಚೆನ್ನಾಗಿರುತ್ತದಾ ಅಂತ ಕೇಳಿ ನೋಡಿಯೇ ತಗೊಳ್ಳಿ.

4. ಸದ್ದು ಬದಲಿಸುವಾಗ ಕಡಿಯುತ್ತದಾ?

ಬೆರಳೆತ್ತಿದರೂ ಸ್ವರ ಮೊಳಗುತ್ತಿರುವಂತೆ ಮಾಡುವ ಸಸ್ಟೇನ್ ಪೆಡಲ್ ಒತ್ತಿ ಒಂದು ಕಾರ್ಡ್ ಹಿಡಿಯಿರಿ. ಅದು ಮೊಳಗುತ್ತಿರುವಾಗಲೇ ಬೇರೆ ಸದ್ದಿಗೆ ಬದಲಿಸಿ. ಹಳೆಯ ಸದ್ದು ಮೆಲ್ಲಗೆ ಇಳಿದರೆ ಒಳ್ಳೆಯದು. ಕತ್ತರಿಸಿದ ಹಾಗೆ ನಿಂತರೆ, ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಪ್ರತಿ ಸಲ ಒಂದು ಗುಂಡಿ ಬೀಳುತ್ತದೆ.

ಇದರ ಜೊತೆಗೆ ಪಾಲಿಫೊನಿ ನೋಡಿ. ಒಟ್ಟಿಗೆ ಎಷ್ಟು ಸ್ವರ ಮೊಳಗಬಹುದು ಅನ್ನುವ ಲೆಕ್ಕ ಅದು. 'ಬೆರಳು ಹತ್ತೇ ಇರುವುದು, 64 ಯಾಕೆ ಸಾಲದು?' ಅಂತ ಕೇಳುತ್ತಾರೆ. ಸ್ಟೀರಿಯೋ ಪಿಯಾನೋದಲ್ಲಿ ಒಂದು ಕೀಗೆ ಎರಡು ಲೆಕ್ಕ. ಅದರ ಮೇಲೆ ಸ್ಟ್ರಿಂಗ್ಸ್ ಪದರ ಹಾಕಿ ಪೆಡಲ್ ಒತ್ತಿ ಹಿಡಿದರೆ 64 ಕ್ಷಣದಲ್ಲಿ ಮುಗಿಯುತ್ತದೆ. ಆಗ ಮೊದಲು ಒತ್ತಿದ ಸ್ವರಗಳು ಹೇಳದೆ ಕೇಳದೆ ಮಾಯ. 128 ಇದ್ದರೆ ನೆಮ್ಮದಿ.

5. ಹೊರುವವರು ಯಾರು?

ಯಮಹಾ ಸಿಪಿ88 18.6 ಕಿಲೋ. ಅದರದ್ದೇ 73 ಕೀಯ ಸಿಪಿ73 13.1 ಕಿಲೋ. 61 ಕೀಯ ಎಂಒಡಿಎಕ್ಸ್6 6.6 ಕಿಲೋ. ರೋಲ್ಯಾಂಡ್ ಜೂನೋ-ಡಿಎಸ್61 ಇನ್ನೂ ಹಗುರ, 5.3. ಇದಕ್ಕೆ ಗಟ್ಟಿ ಕೇಸಿನ ಭಾರ ಬೇರೆ ಸೇರಿಸಿ.

ಕಾಗದದಲ್ಲಿ ಹನ್ನೆರಡು ಕಿಲೋ ವ್ಯತ್ಯಾಸ ದೊಡ್ಡದಾಗಿ ಕಾಣಲಿಕ್ಕಿಲ್ಲ. ಒಳಗಿನ ಊರುಗಳಲ್ಲಿ ಮೆಹಂದಿಗೆ ಹೋಗಿದ್ದೀರಲ್ಲ? ವಾಹನ ರಸ್ತೆಯಲ್ಲೇ ನಿಲ್ಲುತ್ತದೆ. ಅಡಿಕೆ ತೋಟದ ನಡುವೆ ಇಳಿದು, ತೋಡಿನ ಸಂಕ ದಾಟಿ, ಮನೆಯ ಅಂಗಳಕ್ಕೆ ಮೆಟ್ಟಿಲು ಹತ್ತಬೇಕು. 88 ಕೀ ಅಂದರೆ ಉದ್ದವೂ ಒಂದು ಮೀಟರಿಗಿಂತ ಜಾಸ್ತಿ. ಆಟೋದಲ್ಲಿ ಅಡ್ಡ ಹಿಡಿಸುವುದಿಲ್ಲ, ಸ್ಕೂಟರಿನಲ್ಲಂತೂ ಬೇಡವೇ ಬೇಡ. ನಿಮ್ಮದೇ ಕಾರು ಅಥವಾ ತಂಡದ ವ್ಯಾನ್ ಇಲ್ಲದಿದ್ದರೆ ಇದೊಂದೇ ಕಾರಣಕ್ಕೆ ಸಿಂಥ್ ಕಡೆ ವಾಲಬಹುದು. ಇದರಲ್ಲಿ ನಾಚಿಕೆ ಏನೂ ಇಲ್ಲ.

6. ದುಡ್ಡನ್ನು ಪೂರ್ತಿ ವಾದ್ಯಕ್ಕೇ ಸುರಿಯಬೇಡಿ

ನನ್ನ ಲೆಕ್ಕ ಇದು: ಕೈಯಲ್ಲಿರುವ ದುಡ್ಡಿನ ಐದರಲ್ಲೊಂದು ಪಾಲು ಪಕ್ಕಕ್ಕೆ ಇಡಿ. ಸ್ಟ್ಯಾಂಡ್, ಬ್ಯಾಗ್, ಸಸ್ಟೇನ್ ಪೆಡಲ್, ಎರಡು ಒಳ್ಳೆಯ ಕೇಬಲ್, ಡಿಐ ಬಾಕ್ಸ್ (ಏನಂತ ಮುಂದೆ ಹೇಳುತ್ತೇನೆ), ಸಣ್ಣ ಯುಪಿಎಸ್, ಇವಕ್ಕೆ ಬೇಕಾಗುತ್ತದೆ.

ಸ್ಟ್ಯಾಂಡಿನ ವಿಷಯದಲ್ಲಿ ಜಿಪುಣತನ ಬೇಡ. ಹಲಗೆ ಹಾಸಿದ ವೇದಿಕೆಯಲ್ಲಿ ಮಕ್ಕಳು ಕುಣಿಯಲು ಹತ್ತಿದರೆ ಒಂಟಿ ಕತ್ತರಿ ಕಾಲಿನ ಸ್ಟ್ಯಾಂಡ್ ಕೂಡ ಕುಣಿಯುತ್ತದೆ. 61ಕ್ಕೆ ಜೋಡಿ ಕತ್ತರಿ ಕಾಲಿನದ್ದು, 88ಕ್ಕೆ ಮೇಜಿನಂತೆ ನಾಲ್ಕು ಮೂಲೆ ಊರುವಂಥದ್ದು ತಗೊಳ್ಳಿ.

ಪೆಡಲಿನಲ್ಲಿ ಒಂದು ತಾಪತ್ರಯ ಇದೆ. ಕಂಪನಿಯಿಂದ ಕಂಪನಿಗೆ ಅದರ ಒಳಗಿನ ಸ್ವಿಚ್ ಉಲ್ಟಾ ಇರಬಹುದು. ಒತ್ತದಿದ್ದಾಗ ಸ್ವರ ಮೊಳಗಿ, ಒತ್ತಿದಾಗ ನಿಂತರೆ ವಾದ್ಯ ಹಾಳಾಯ್ತು ಅಂತ ಗಾಬರಿ ಆಗಬೇಡಿ. ಆಫ್ ಮಾಡಿ, ಪೆಡಲ್ ಚುಚ್ಚಿ, ಕಾಲು ಇಡದೆ ಮತ್ತೆ ಆನ್ ಮಾಡಿ. ಹೆಚ್ಚಿನವು ತಾನಾಗಿ ಸರಿಮಾಡಿಕೊಳ್ಳುತ್ತವೆ. ಆಗದಿದ್ದರೆ ಪೆಡಲಿನ ಅಡಿಯಲ್ಲಿ ಸಣ್ಣ ಸ್ವಿಚ್ ಇದೆಯಾ ನೋಡಿ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವುದಾದರೆ ಪ್ರತಿ ಕೀಯನ್ನೂ ಮೆಲ್ಲಗೆ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೂ ಒಂದು ಕೀ ಮಾತ್ರ ಜೋರಾಗಿ ಹೊಡೆದರೆ, ಅದರ ಕೆಳಗಿನ ರಬ್ಬರ್ ಕಾಂಟಾಕ್ಟ್ ಸವೆದಿರಬಹುದು, ಇಲ್ಲವೇ ಧೂಳು ತಿಂದಿರಬಹುದು. ಆ ಮಾಡೆಲಿಗೆ ರಬ್ಬರ್ ಈಗಲೂ ಸಿಗುತ್ತದಾ ಅಂತ ರಿಪೇರಿಯವರಲ್ಲಿ ಕೇಳಿ, ಆಮೇಲೆ ದುಡ್ಡಿನ ಮಾತಾಡಿ. ಪಿಚ್ ಬೆಂಡ್ ಬಿಟ್ಟಾಗ ಸ್ವರ ಸರಿಯಾಗಿ ಶ್ರುತಿಗೆ ವಾಪಸು ಬರುತ್ತದಾ ಅಂತಲೂ ನೋಡಿ.

7. ಮೈಕಿನವರ ಜೊತೆ

ಊರಿನ ಕಾರ್ಯಕ್ರಮಗಳಲ್ಲಿ ಸೌಂಡ್ ಹೆಚ್ಚಾಗಿ ಮೋನೋ. ಎಡ ಬಲ ಬೇರೆ ಇಲ್ಲ, ಎಲ್ಲ ಒಂದೇ. ಸ್ಟೇಜ್ ಪಿಯಾನೋದವರಿಗೆ ದೊಡ್ಡ ಹೊಡೆತ ಬೀಳುವುದೇ ಇಲ್ಲಿ. ಹೆಡ್‌ಫೋನಿನಲ್ಲಿ ಅಗಲವಾಗಿ, ತುಂಬಿಕೊಂಡು ಕೇಳಿದ ಪಿಯಾನೋ ಸದ್ದು ಎಡ ಬಲ ಎರಡೂ ಒಂದಾದಾಗ ಒಂದನ್ನೊಂದು ತಿಂದು, ಖಾಲಿ ಡಬ್ಬದ ಹಾಗೆ ಕೇಳುತ್ತದೆ. ಮದ್ದು ಸುಲಭ. ಹಿಂದೆ 'ಎಲ್, ಮೋನೋ' ಅಂತ ಬರೆದ ತೂತಿಗೆ ಮಾತ್ರ ಕೇಬಲ್ ಚುಚ್ಚಿ, ಇನ್ನೊಂದನ್ನು ಖಾಲಿ ಬಿಡಿ. ಕೆಲವು ವಾದ್ಯಗಳಲ್ಲಿ ಆ ತೂತಿನಲ್ಲೂ ಎಡ ಬಲ ಸೇರಿಯೇ ಬರುತ್ತದೆ, ಹಾಗಾಗಿ ಮೋನೋ ಪಿಯಾನೋ ಅಂತಲೇ ಒಂದು ಸದ್ದು ಇದ್ದರೆ ಅದನ್ನು ಆರಿಸಿ. ಮನೆಯಲ್ಲೇ ಒಂದು ಸ್ಪೀಕರಿಗೆ ಹಾಕಿ ಕೇಳಿಕೊಂಡು ಹೋಗಿ.

ಡಿಐ ಬಾಕ್ಸ್ ಅಂದರೆ ನಿಮ್ಮ ವಾದ್ಯದ ಸದ್ದನ್ನು ಮೈಕಿನ ಕೇಬಲಿನಲ್ಲಿ ದೂರ ಹೋಗುವಂತೆ ಬದಲಿಸಿಕೊಡುವ ಅಂಗೈಯಗಲದ ಪೆಟ್ಟಿಗೆ. ಮಿಕ್ಸರ್ ಚಪ್ಪರದ ಆ ತುದಿಯಲ್ಲಿರುತ್ತದೆ. ಸಾದಾ ಕೇಬಲನ್ನು ಅಲ್ಲಿವರೆಗೆ ಎಳೆದರೆ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಡಿಐ ಬಾಕ್ಸಿನ ಮೇಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಹಾಕಿದರೆ ಆ ಗುಂಯ್ ಹೆಚ್ಚಿನ ಸಲ ನಿಲ್ಲುತ್ತದೆ.

ಎಚ್ಚರಿಕೆ: ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥಿಂಗ್ ಪಿನ್ ಕೀಳುವವರಿದ್ದಾರೆ. ಯಾರು ಹೇಳಿದರೂ ಮಾಡಬೇಡಿ. ಮಳೆ ನೀರು ಇಳಿಯುವ ಚಪ್ಪರದಡಿ ಅದು ಪ್ರಾಣಕ್ಕೇ ಬರುತ್ತದೆ.

ಬೇರೆಯವರ ಅಡಾಪ್ಟರ್ ಕೂಡ ಚುಚ್ಚಬೇಡಿ. ಪಿನ್ ಹಿಡಿಸಿತು ಅಂದ ಮಾತ್ರಕ್ಕೆ ಸರಿ ಅಲ್ಲ. ವೋಲ್ಟ್ ಬೇರೆ ಇರಬಹುದು. ಕೆಲವದರಲ್ಲಿ ನಡುವಿನ ಪಿನ್ ಪ್ಲಸ್, ಕೆಲವದರಲ್ಲಿ ಮೈನಸ್.

ಕರೆಂಟಿನಿಂದ ಜನರೇಟರಿಗೆ ಬದಲಿಸುವ ಆ ಎರಡು ಸೆಕೆಂಡಿನಲ್ಲಿ ವಾದ್ಯ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಮಾಡಿಟ್ಟ ಸೆಟಿಂಗ್ ಸೇವ್ ಮಾಡಿರದಿದ್ದರೆ ಹೋಯಿತು. ಕಂಪ್ಯೂಟರಿಗೆ ಹಾಕುವ ಸಣ್ಣ ಯುಪಿಎಸ್ ಇದಕ್ಕೆ ಸಾಕು. ಸಿಂಥಿಗಾಗಲಿ ಸ್ಟೇಜ್ ಪಿಯಾನೋಗಾಗಲಿ ಬೇಕಾದ ಕರೆಂಟ್ ತೀರಾ ಕಡಿಮೆ.

8. ಮಳೆಗಾಲ

ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಕಡಲಿನ ಉಪ್ಪುಗಾಳಿ ಬೇರೆ. ಜೂನಿನಲ್ಲಿ ಕಾರ್ಯಕ್ರಮ ನಿಲ್ಲುತ್ತದೆ, ವಾದ್ಯ ಬ್ಯಾಗಿನೊಳಗೆ ಹೋಗುತ್ತದೆ, ಚೌತಿಗೆ ಹೊರಗೆ ತೆಗೆದರೆ ನಾಲ್ಕು ಕೀ ಸತ್ತಿರುತ್ತವೆ. ಹಾಗೆ ಮುಚ್ಚಿಡಬೇಡಿ. ಹೊರಗಿಟ್ಟು, ಹತ್ತಿ ಬಟ್ಟೆ ಹೊದೆಸಿ, ವಾರಕ್ಕೆರಡು ಸಲ ಅರ್ಧ ಗಂಟೆಯಾದರೂ ನುಡಿಸಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೋಡಿಕೊಳ್ಳಿ. ಕೀಗಳ ಅಡಿ ಬೆಚ್ಚಗೆ, ಕತ್ತಲೆ. ಗೂಡು ಕಟ್ಟಲು ಅವಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ?

9. ಮೊದಲ ಕಾರ್ಯಕ್ರಮದ ಮೊದಲು

ಹಾಡಿನ ಕ್ರಮದಲ್ಲೇ ಸದ್ದುಗಳನ್ನು ಜೋಡಿಸಿ ಸೇವ್ ಮಾಡಿ. ಮುಂದಿನ ಹಾಡಿಗೆ ಒಂದೇ ಬಟನ್ ಸಾಕಾಗಬೇಕು. ಸ್ಟೇಜ್ ಪಿಯಾನೋ ತಗೊಂಡವರಿಗೆ ಆಮೇಲೆ ಕೊಳಲು, ಪಿಟೀಲಿನ ಕೊರತೆ ಕಂಡರೆ ವಾದ್ಯ ಮಾರಬೇಕಾಗಿಲ್ಲ. ಸಣ್ಣ ಸಿಂಥ್ ಒಂದನ್ನು ಮೇಲಿನ ತಟ್ಟಿನಲ್ಲಿ ಇಟ್ಟುಕೊಳ್ಳಬಹುದು. 1983ರಲ್ಲಿ ಬಂದ ಮಿಡಿ ಅನ್ನುವ ಜೋಡಣೆ ಈಗಲೂ ಎಲ್ಲ ಕಂಪನಿಯ ವಾದ್ಯಗಳನ್ನೂ ಒಂದಕ್ಕೊಂದು ಮಾತಾಡಿಸುತ್ತದೆ.

ಹಾಡುವವರು 'ಕಪ್ಪು ಒಂದು' (ಮೊದಲ ಕಪ್ಪು ಕೀಯ ಶ್ರುತಿ) ಅಂತ ಕೇಳಿದರೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿ ಬದಲಿಸುತ್ತೀರಿ. ಆ ಹಾಡು ಮುಗಿದ ಕೂಡಲೇ ಸೊನ್ನೆಗೆ ತನ್ನಿ. ಮರೆತರೆ ಮುಂದಿನ ಹಾಡಿನಲ್ಲಿ ಬೇಸಿನವರು ನಿಮ್ಮನ್ನು, ನೀವು ಬೇಸಿನವರನ್ನು ದುರುಗುಟ್ಟಿ ನೋಡುತ್ತಾ ನಿಲ್ಲುತ್ತೀರಿ.

ಇನ್ನೊಂದು, ನಾನೇ ಪೆಟ್ಟು ತಿಂದದ್ದು. ಈಗಿನ ಹೆಚ್ಚಿನ ವಾದ್ಯಗಳಲ್ಲಿ ಆಟೋ ಆಫ್ ಇದೆ. ಇಷ್ಟು ಹೊತ್ತು ಮುಟ್ಟದಿದ್ದರೆ ತಾನಾಗಿ ಆಫ್ ಆಗುತ್ತದೆ, ಕೆಲವದರಲ್ಲಿ ಅರ್ಧ ಗಂಟೆಗೇ. ಒಂದು ಬ್ರಹ್ಮಕಲಶದ ಧಾರ್ಮಿಕ ಸಭೆಯ ಮೊದಲು ಸೌಂಡ್ ಚೆಕ್ ಮುಗಿಸಿ ಕೂತಿದ್ದೆ. ಭಾಷಣ, ಸನ್ಮಾನ, ಮತ್ತೆ ಭಾಷಣ. ಧನ್ಯವಾದ ಮುಗಿದು ಪರದೆ ಸರಿದಾಗ ನಾನು ಒತ್ತಿದ ಮೊದಲ ಕಾರ್ಡ್‌ಗೆ ಸದ್ದೇ ಇಲ್ಲ. ಹಾಡುವವರು ಬಾಯಿ ತೆರೆದು ನಿಂತಿದ್ದರು. ಸೆಟಿಂಗಿನಲ್ಲಿ ಆಟೋ ಆಫ್ ಹುಡುಕಿ ಮುಚ್ಚಿಬಿಡಿ. ಅದನ್ನು ಸೇವ್ ಮಾಡಲು ಮರೆಯಬೇಡಿ, ಕೆಲವದರಲ್ಲಿ ಬೇರೆಯೇ ಸೇವ್ ಮಾಡಬೇಕು.

ಎಲ್ಲ ಆದ ಮೇಲೆ ಪೂರ್ತಿ ಸೆಟಿಂಗನ್ನು ಒಂದು ಪೆನ್‌ಡ್ರೈವಿಗೆ ಹಾಕಿ. ಅದನ್ನೂ ಇನ್ನೊಂದು ಅಡಾಪ್ಟರನ್ನೂ ಬ್ಯಾಗಿನ ಹೊರಗಿನ ಜೇಬಿನಲ್ಲಿಡಿ. ಹಾಡಿನ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ, ವಾದ್ಯದ ಮೇಲೆ ಟೇಪ್ ಹಚ್ಚಿ ಅಂಟಿಸಿ. ಫೋನಿನಲ್ಲಿ ನೋಡುತ್ತೇನೆ ಅನ್ನಬೇಡಿ, ಸರಿಯಾಗಿ ಎರಡನೇ ಹಾಡಿಗೆ ಮನೆಯಿಂದ ಫೋನ್ ಬರುತ್ತದೆ.